ಹವ್ಯಾಸ ಅಂದ್ರ ಯಾವ ಇಲಾಖೆ?

ರಾಯಚೂರಿನಲ್ಲಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ರಸ್ತೆಗಿಳಿದರೆ ನೀವು ಮೂವರಲ್ಲಿ ಒಬ್ಬರು. ಟಿವಿಯವರು, ರಸ್ತೆ ಅಗಲ ಮಾಡಲು ಅಳತೆಗೆ ಬಂದವರು, ಇಲ್ಲಾ ಮದುವೆ ಮನೆಗೆ ದಾರಿ ತಪ್ಪಿದ ಫೋಟೋಗ್ರಾಫರ್. ನಾಲ್ಕನೆಯ ಜಾತಿ ಯಾರಿಗೂ ಗೊತ್ತಿಲ್ಲ. 'ಸ್ಟ್ರೀಟ್ ಫೋಟೋಗ್ರಫಿ', ಅಂದರೆ ಬೀದಿಯ ಬದುಕನ್ನು ಇದ್ದ ಹಾಗೇ ಹಿಡಿಯುವುದು, ಅಂತ ಒಬ್ಬರಿಗೆ ಹೇಳಿ ನೋಡಿದೆ. "ಸ್ಟ್ರೀಟಿಂದಾ? ಬರ್ರಿ ಹಂಗಾದ್ರ, ನಮ್ಮ ಓಣಿ ತೋರಿಸ್ತೀನಿ" ಅಂತ ಕೈ ಹಿಡಿದು ಎಳೆದುಕೊಂಡು ಹೋದರು. ಅವತ್ತು ಹದಿನಾಲ್ಕು ಗುಂಡಿಗಳ ಫೋಟೋ ತೆಗೆದು ಮನೆಗೆ ಬಂದೆ. ಬೆಳಕು ಮಾತ್ರ ಚೆನ್ನಾಗಿತ್ತು.

ತೀನ್ ಕಂದೀಲ್ ಹತ್ತಿರ ಒಂದು ಮಿರ್ಚಿ ಬಂಡಿ. ಕಡಾಯಿಯ ಹೊಗೆಗೆ ಬೆಳಗಿನ ಓರೆ ಬಿಸಿಲು ಬಿದ್ದಿತ್ತು. ಇಂಥ ಒಂದು ಗಳಿಗೆಗಾಗಿಯೇ ಅಲ್ವಾ ನಾವು ನಿದ್ದೆ ಬಿಟ್ಟು ಬರುವುದು? ಕ್ಯಾಮೆರಾ ಎತ್ತಿದೆ. ಬಂಡಿ ಅಣ್ಣನ ಕೈಯಲ್ಲಿದ್ದ ಜಾಲರಿ ಸೌಟು ಗಾಳಿಯಲ್ಲೇ ನಿಂತಿತು.

"ಯಾವ ಚಾನೆಲ್‌ರೀ?"

"ಚಾನೆಲ್ ಅಲ್ಲಣ್ಣ, ಸುಮ್ನೆ. ಹವ್ಯಾಸ."

"ಹವ್ಯಾಸ ಅಂದ್ರ ಯಾವ ಇಲಾಖೆ?"

ಉತ್ತರ ಹುಡುಕುವಷ್ಟರಲ್ಲಿ ಮಿರ್ಚಿ ಕಪ್ಪಾಯಿತು, ಬಿಸಿಲೂ ಸರಿಯಿತು. ಅಷ್ಟೂ ಹೊತ್ತು ಕಂಬದ ಮೇಲಿನ ಸಿಸಿಟಿವಿ ಅಣ್ಣನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಇಬ್ಬರು ಹುಡುಗರು ಅವನ ಕಡಾಯಿಗೆ ಮೊಬೈಲ್ ಅಡ್ಡ ಹಿಡಿದು ರೀಲ್ಸ್ ಮಾಡುತ್ತಿದ್ದರು. ಅವರನ್ನು ಯಾರೂ ಚಾನೆಲ್ ಕೇಳಲಿಲ್ಲ. ಮೊಬೈಲ್ ಮನೆಮಗ, ಕ್ಯಾಮೆರಾ ಸರ್ಕಾರದವನು.

ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ತಿಯೆ ಬ್ರೆಸೋ ಜನರ ಕಣ್ಣಿಗೆ ಬೀಳಬಾರದು ಅಂತ ತನ್ನ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಅಂಟಿಸುತ್ತಿದ್ದ. ನಾನೂ ಅಂಟಿಸಿದೆ. "ಯಾಕ್ರೀ ಮುಚ್ಚಿಟ್ಟೀರಿ?" ಅನ್ನುವ ಇನ್ನೊಂದು ಪ್ರಶ್ನೆ ಜಾಸ್ತಿಯಾಯಿತು, ಅಷ್ಟೇ.

ಇದನ್ನೆಲ್ಲ ಸಹಿಸಬಹುದು. ಕೇಳುವುದು ಅವರ ಹಕ್ಕು, ಅವರ ಮುಖ. ನನ್ನ ತಕರಾರು ಯಾರೂ ಏನೂ ಕೇಳದ ಮುಖಗಳದ್ದು. ಊರಿನ ಯಾವ ಸರ್ಕಲ್ಲಿಗೆ ಕ್ಯಾಮೆರಾ ತಿರುಗಿಸಿದರೂ ಫ್ರೇಮಿನ ಮುಕ್ಕಾಲು ಭಾಗದಲ್ಲಿ ಒಬ್ಬರು ಕೈ ಮುಗಿದು ನಿಂತಿರುತ್ತಾರೆ. ಹುಟ್ಟುಹಬ್ಬದ ಶುಭಾಶಯ. ಕೆಳಗೆ ಅಂಚೆಚೀಟಿ ಅಳತೆಯಲ್ಲಿ ಮೂವತ್ತು ಜನ 'ಶುಭ ಕೋರುವವರು', ಅರ್ಧಕ್ಕರ್ಧ ಕಪ್ಪು ಕನ್ನಡಕದವರು. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಕೈಚೀಲದ ಜೊತೆ ಫ್ಲೆಕ್ಸ್, ಬ್ಯಾನರುಗಳನ್ನೂ ಪಟ್ಟಿಗೆ ಸೇರಿಸಿತ್ತು. ನಿಷೇಧವಾದ ವಸ್ತುವಿನ ಮೇಲೆ ನಿಯಮ ಮಾಡುವವರದ್ದೇ ನಗುಮುಖ! ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಯಾದ ಮೇಲೆ ನಮ್ಮ ರಸ್ತೆಗಳಲ್ಲಿ ನರಪಿಳ್ಳೆ ಕಾಣುವುದಿಲ್ಲ. ಆಗಲೂ ಬೆವರದೆ ನಿಂತಿರುವವರು ಇವರೇ.

ಬೇಸರವಾದಾಗ ಕೋಟೆ ಕಡೆ ಹೋಗುತ್ತೇನೆ. ಅಲ್ಲಿ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಹೇಗೆ ತಂದರು ಅನ್ನುವುದನ್ನು ಗೋಡೆಯ ಮೇಲೇ ಕೊರೆದಿದ್ದಾರೆ. ಬಂಡಿ, ಎಳೆಯುವ ಕೋಣಗಳ ಉದ್ದ ಸಾಲು, ಹುರಿದುಂಬಿಸಿ ಹೊಡೆಯುವವರು, ಹಿಂದಿನಿಂದ ಗಾಲಿಗೆ ಹಾರೆ ಹಾಕಿ ಮೀಟುವವರು. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಚಿತ್ರದಲ್ಲಿ ಇರುವುದು ದುಡಿದವರು. ಏಳುನೂರು ವರ್ಷದ ಹಿಂದಿನ ಆ ಕಲಾವಿದನೇ ನಮ್ಮೂರಿನ ಮೊದಲ ಸ್ಟ್ರೀಟ್ ಫೋಟೋಗ್ರಾಫರ್ ಅಂತ ನನ್ನ ವಾದ. ಇವತ್ತು ಕೊರೆದಿದ್ದರೆ ಕೋಣಗಳ ಮುಂದೆ ಹಸಿರು ಬಾವುಟ ಹಿಡಿದ ಹತ್ತು ಜನ ಇರುತ್ತಿದ್ದರು, ಕೋಣಗಳು ಕ್ರಾಪ್ ಆಗಿ ಚಿತ್ರದ ಆಚೆ ಇರುತ್ತಿದ್ದವು.

ಮೊನ್ನೆ ಒಂದು ಒಳ್ಳೆಯ ಫೋಟೋ ಸಿಕ್ಕಿತು. ದೊಡ್ಡದೊಂದು ಫ್ಲೆಕ್ಸಿನ ನೆರಳಲ್ಲಿ ಒಬ್ಬ ಅಜ್ಜಿ ಬದನೆಕಾಯಿ ಹರವಿಕೊಂಡು ಕೂತಿದ್ದರು. ಕೇಳಿಯೇ ತೆಗೆದೆ. ತೋರಿಸು ಅಂದರು, ತೋರಿಸಿದೆ. ಬಹಳ ಹೊತ್ತು ನೋಡಿದರು.

"ಆಧಾರ್ ಕಾರ್ಡಿನಾಗ ಕಳ್ಳಿ ಹಂಗ ಕಾಣ್ತೀನಿ ತಮ್ಮಾ. ಇದ್ರಾಗ ಚೆಂದ ಬಂದೀನಿ."

ಮರುವಾರ ಪ್ರಿಂಟ್ ಹಾಕಿಸಿ ಒಯ್ದುಕೊಟ್ಟೆ. ಆ ಮುಖದಲ್ಲಿ ಮೂಡಿದ ನಗುವಿನ ಎದುರು ಹದಿನಾಲ್ಕು ಗುಂಡಿಗಳೂ ಮುಚ್ಚಿಹೋದವು. ಅಜ್ಜಿ ಪ್ರಿಂಟ್ ನೋಡಿದರು, ತಲೆ ಎತ್ತಿ ಫ್ಲೆಕ್ಸ್ ನೋಡಿದರು.

"ಇಷ್ಟು ಸಣ್ಣದು ಯಾಕ? ಈ ಸಾಹೇಬ್ರು ನೆರಳು ಕೊಡೋದು ಬಿಟ್ಟು ಏನೂ ಮಾಡಿಲ್ಲ, ಅವ್ರದು ಅಷ್ಟು ದೊಡ್ಡದೈತಿ. ನಂದೂ ಒಂದು ಮಾಡಿಸು. ಕೆಳಗ ಬದನಿಕಾಯಿ ರೇಟ್ ಬರಸು."

"ಶುಭ ಕೋರುವವರು ಅಂತ ಯಾರ ಹೆಸರು ಹಾಕಿಸಲಿ ಅಜ್ಜಿ?"

"ನಿಂದೇ ಹಾಕ್ಸು. ರೊಕ್ಕಾ ಕೊಡಾವ ನೀನೇ ಅಲ್ಲನು?"