ಬಾಗಿಲ ತೂತಿನಿಂದ ಬಂದ ಬೆಳಕು

ಅಜ್ಜಿ ಮನೆಯಲ್ಲಿ ಒಂದು ಕೋಣೆಗೆ ಹಗಲಲ್ಲೂ ಕತ್ತಲು. ಅದರ ಮರದ ಬಾಗಿಲಲ್ಲಿ ಗಂಟು ಉದುರಿ ಪುಟ್ಟ ತೂತಾಗಿತ್ತು. ಬೇಸಿಗೆ ರಜೆಯ ಮಧ್ಯಾಹ್ನ ಅಲ್ಲಿ ಮಲಗಿದರೆ ಎದುರಿನ ಸುಣ್ಣದ ಗೋಡೆ ಮೇಲೆ ಅಂಗಳದ ತೆಂಗಿನಮರ ತಲೆಕೆಳಗಾಗಿ ಕಾಣುತ್ತಿತ್ತು. ಅತ್ತೆ ಬಟ್ಟೆ ಒಣಹಾಕಲು ಬಂದರೆ ಅವರೂ ತಲೆಕೆಳಗು.

ಹೈಸ್ಕೂಲಲ್ಲಿ ಪಿನ್‌ಹೋಲ್ ಕ್ಯಾಮೆರಾ, ಅಂದರೆ ಸೂಜಿತೂತಿನಿಂದ ಚಿತ್ರ ಮೂಡಿಸುವ ಕತ್ತಲ ಡಬ್ಬಿಯ ಪಾಠ ಬಂತು. ಆದರೆ ಇಂಥ ತೂತಿನ ಬೆಳಕನ್ನು ಪ್ರಯೋಗ ಮಾಡಿ ನೋಡಿದ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಅನ್ನೋ ಹೆಸರು ಬರಲೇ ಇಲ್ಲ. ಅದನ್ನು ಮೊದಲು ಕೇಳಿದಾಗ ನನಗೆ ನಲವತ್ತು ದಾಟಿತ್ತು. ಈ ಬೇಜಾರು ಇನ್ನೂ ಹೋಗಿಲ್ಲ.

ಇವರು ಹುಟ್ಟಿದ್ದು ಇರಾಕಿನ ಬಸ್ರಾದಲ್ಲಿ, 965ರ ಸುಮಾರಿಗೆ. ಬಾಳಿದ್ದು ಕೈರೋದಲ್ಲಿ. ನೈಲ್ ನದಿಯ ನೆರೆಗೆ ಕಡಿವಾಣ ಹಾಕ್ತೀನಿ ಅಂತ ಈಜಿಪ್ಟ್ ಆಳುತ್ತಿದ್ದ ಖಲೀಫ ಅಲ್-ಹಾಕಿಮ್‌ಗೆ ಮಾತು ಕೊಟ್ಟು, ಜಾಗ ನೋಡಿದ ಮೇಲೆ ಅದು ಆಗದ ಕೆಲಸ ಅಂತ ಅರ್ಥವಾಗಿ, ಜೀವ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸಿದರು ಅಂತ ಹಳೆಯ ಕಥೆ ಇದೆ. ಗ್ರಂಥಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರಂತೆ.

ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತೆ, ಅದಕ್ಕೇ ನಮಗೆ ಕಾಣುತ್ತೆ ಅಂತ ಯೂಕ್ಲಿಡ್, ಟಾಲೆಮಿಯಂಥ ಹಳೆಯ ಗ್ರೀಕ್ ಪಂಡಿತರು ಹೇಳಿದ್ದರು. ಇಬ್ನ್ ಅಲ್-ಹೈಥಮ್ ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತೆ ಅಲ್ವಾ? ಹಾಗಾದರೆ ಹೊರಗಿನದೇ ಏನೋ ಒಳಗೆ ಬರುತ್ತಿದೆ. ಸುಮ್ನೆ ವಾದ ಮಾಡಿ ಬಿಡಲಿಲ್ಲ, ಪ್ರಯೋಗ ಮಾಡಿದರು. ಕತ್ತಲು ಜಾಗ, ಅದಕ್ಕೊಂದು ತೂತು, ತೂತಿನ ಎದುರು ಬೇರೆ ಬೇರೆ ಕಡೆ ಇಟ್ಟ ದೀಪಗಳು. ಎಷ್ಟು ದೀಪವೋ ಗೋಡೆ ಮೇಲೆ ಅಷ್ಟೇ ಬೆಳಕಿನ ಚುಕ್ಕೆ. ಒಂದು ದೀಪ ಮರೆ ಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ. ಮರೆ ತೆಗೆದರೆ ಮತ್ತೆ ಹಾಜರ್. ಅಂದರೆ ಬೆಳಕು ನೇರವಾಗಿ ಹೋಗುತ್ತೆ, ಒಂದೇ ತೂತಿನಲ್ಲಿ ಹಾದರೂ ಒಂದಕ್ಕೊಂದು ಕಲಸಿಹೋಗಲ್ಲ. ಇದನ್ನೆಲ್ಲ ಏಳು ಸಂಪುಟಗಳ 'ಕಿತಾಬ್ ಅಲ್-ಮನಾಝಿರ್' ಅನ್ನೋ ದೃಷ್ಟಿ-ಬೆಳಕಿನ ಗ್ರಂಥದಲ್ಲಿ ಬರೆದಿಟ್ಟರು. ಸಾವಿರ ವರ್ಷದ ಹಿಂದೆ!

ಇದೇ ಮಧ್ಯಯುಗವನ್ನು ನಾವು 'ಕತ್ತಲ ಯುಗ' ಅಂತ ಕಲಿತೆವು. ಅದು ಯೂರೋಪಿನವರು ತಮ್ಮ ಚರಿತ್ರೆಗೆ ಇಟ್ಟುಕೊಂಡ ಹೆಸರು. ಕೈರೋಗೂ ಬಾಗ್ದಾದ್‌ಗೂ ಅದನ್ನು ಯಾಕೆ ಅಂಟಿಸಬೇಕು?

ಹಾಗಂತ ಉತ್ಪ್ರೇಕ್ಷೆ ಮಾಡುವವರ ಮೇಲೂ ನನಗೆ ಸಿಟ್ಟಿದೆ. 'ಕ್ಯಾಮೆರಾ' ಅರಬ್ಬಿ ಪದ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತೆ. ಅಲ್ಲ, ಅದು ಲ್ಯಾಟಿನ್, ಕೋಣೆ ಅಂತ ಅರ್ಥ. ತೂತಿನ ಮೂಲಕ ಚಿತ್ರ ಮೂಡುವುದು ಚೀನಾದವರಿಗೆ ಎಷ್ಟೋ ಮೊದಲೇ ಗೊತ್ತಿತ್ತು. ಇಬ್ನ್ ಅಲ್-ಹೈಥಮ್ ಎಡವಿದ್ದೂ ಉಂಟು. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತೆ ಅನ್ನುವುದನ್ನು ಒಪ್ಪಲು ಅವರಿಗೆ ಮನಸ್ಸಾಗಲಿಲ್ಲ. ಅದನ್ನು ಹೇಳಿದ್ದು ಜರ್ಮನ್ ಖಗೋಳ ವಿಜ್ಞಾನಿ ಕೆಪ್ಲರ್, 1604ರಲ್ಲಿ. ಆದರೆ ಕೆಪ್ಲರ್ ಆ ಪುಸ್ತಕಕ್ಕೆ 'ವಿಟೆಲೋಗೆ ಪುರವಣಿ' ಅಂತ ಹೆಸರಿಟ್ಟರು. ಆ ವಿಟೆಲೋ ಹದಿಮೂರನೇ ಶತಮಾನದ ಯೂರೋಪಿನ ಪಂಡಿತ, ಅವರು ಕಲಿತದ್ದು ಲ್ಯಾಟಿನ್‌ಗೆ ಬಂದಿದ್ದ ಇಬ್ನ್ ಅಲ್-ಹೈಥಮ್ ಗ್ರಂಥದಿಂದ. ಈ ಸರಪಳಿಯಿಂದ ನಡುವಿನ ಕೊಂಡಿಯನ್ನೇ ಕಿತ್ತು ಮಕ್ಕಳಿಗೆ ಪಾಠ ಮಾಡಿದರೆ ಅದು ವಿಜ್ಞಾನಕ್ಕೇ ಮಾಡಿದ ಅನ್ಯಾಯ.

ಮೊನ್ನೆ ಕರೆಂಟ್ ಹೋದಾಗ ಮಗಳ ಜೊತೆ ಕೂತೆ. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಮುಂದೆ ಮೂರು ಮೇಣದಬತ್ತಿ, ಹಿಂದೆ ಬಿಳಿ ಹಾಳೆ. ಹಾಳೆ ಮೇಲೆ ಮೂರು ಪುಟ್ಟ ಜ್ವಾಲೆ, ಮೂರೂ ಕೆಳಮುಖ. ಅವಳು ಎಡಗಡೆಯ ಬತ್ತಿಗೆ ಅಂಗೈ ಅಡ್ಡ ಹಿಡಿದಳು. ಬಲಗಡೆಯದು ಆರಿತು. ಕೈ ತೆಗೆದಳು, ಬಂತು. ಕರೆಂಟ್ ಬಂದ ಮೇಲೂ 'ಲೈಟ್ ಹಾಕಬೇಡಪ್ಪಾ' ಅಂದಳು.