ಪುಕ್ಕಟೆ ಕೊಟ್ಟ ಆಟಕ್ಕೆ 18 ಯೂರೋ

ನಿನ್ನೆಯಿಂದ ಹೊಟ್ಟೆ ಉರೀತಿದೆ. ಬರೆದು ಹಾಕದೆ ನಿದ್ದೆ ಬರಲ್ಲ.

ಇಲ್ಲಿ ಜರ್ಮನಿಯಲ್ಲಿ ಹಳೇ ಕಂಪ್ಯೂಟರುಗಳ ಸಂತೆ ಅಂತ ಆಗಾಗ ನಡೆಯುತ್ತೆ. ನಿನ್ನೆ ಒಂದಕ್ಕೆ ಹೋಗಿದ್ದೆ. ಒಂದು ಮೇಜಿನ ಮೇಲೆ ಕಮೊಡೋರ್ 64 ಅನ್ನೋ ಹಳೇ ಮನೆ ಕಂಪ್ಯೂಟರಿನ ಐದೂಕಾಲು ಇಂಚಿನ ಫ್ಲಾಪಿಗಳನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಸಾಲಾಗಿ ಜೋಡಿಸಿದ್ರು, ಒಂದೊಂದಕ್ಕೂ ಬಣ್ಣದ ಲೇಬಲ್ಲು. ಒಂದರ ಚಿತ್ರ ನೋಡಿ ಅಲ್ಲೇ ನಿಂತುಬಿಟ್ಟೆ. ಎರಡು ಸಾಲು, ಏಳೇಳು ಗುಳಿ, ಒಳಗೆ ಕಂದು ಬೀಜ. ನನ್ನ ಅಳಗುಳಿ ಮಣೆ! ಈ ಕಂಪ್ಯೂಟರಿಗೆ ಅಂತ ನಾನೇ ಬರೆದ ಆಟ. ಒಂದೊಂದು ಚುಕ್ಕೆಯನ್ನೂ ನಾನೇ ಕೂತು ಇಟ್ಟ ಪರದೆ ಅದು. ಕವರಿನ ಮೇಲೆ ಚೀಟಿ: 18 ಯೂರೋ.

ಆ ಆಟವನ್ನ ನಾನು ಪುಕ್ಕಟೆ ಹಂಚಿರೋದು. ಇಳಿಸ್ಕೊಳ್ಳಿ, ಆಡಿ, ಸ್ನೇಹಿತರಿಗೆ ಕಾಪಿ ಮಾಡಿಕೊಡಿ, ಆದರೆ ಮಾರಬೇಡಿ, ಹೆಸರು ಅಳಿಸಬೇಡಿ. ಇಷ್ಟೇ ಷರತ್ತು. ಇಂಗ್ಲಿಷ್, ಜರ್ಮನ್, ಕನ್ನಡ ಮೂರರಲ್ಲೂ ಬರೆದಿಟ್ಟಿದ್ದೀನಿ.

ಮಾರೋನಿಗೆ ಹೇಳಿದೆ, "ಇದು ನಾನು ಬರೆದಿದ್ದು." ಅವನ ಮುಖದಲ್ಲಿ ಒಂಚೂರೂ ಅಳುಕಿಲ್ಲ. "ಹೌದಾ! ಚೆನ್ನಾಗಿ ಹೋಗ್ತಿದೆ" ಅಂದ. ಮಾರೋ ಹಾಗಿಲ್ಲವಲ್ಲ ಅಂದ್ರೆ, "ನಾನು ಆಟಕ್ಕೆ ದುಡ್ಡು ತಗೊಳ್ತಿಲ್ಲ, ಡಿಸ್ಕಿಗೆ, ಲೇಬಲ್ಲಿಗೆ, ನನ್ನ ಸಮಯಕ್ಕೆ ತಗೊಳ್ತಿರೋದು. ನೀವೇ ಪುಕ್ಕಟೆ ಇಟ್ಟಿದ್ದೀರಲ್ಲ, ನಿಮಗೇನು ಹೋಯ್ತು?" ಅಂತ ನನ್ನನ್ನೇ ಕೇಳ್ತಾನೆ.

ಸಮಯವಂತೆ. ಆ ಡಿಸ್ಕಿನ ಒಂದು ಬದಿಗೆ 170 ಕೆಬಿ ಹಿಡಿಯುತ್ತೆ. ನನ್ನ ಆಟ 22 ಕೆಬಿ. ಕಾಪಿ ಮಾಡೋಕೆ ಎಷ್ಟು ಹೊತ್ತು ಬೇಕು ಅಂತ ಈ ಯಂತ್ರ ಇಟ್ಕೊಂಡಿರೋ ಯಾರನ್ನಾದ್ರೂ ಕೇಳಿ. ನನಗೆ ಅದನ್ನ ಬರೆಯೋಕೆ ಎರಡು ಚಳಿಗಾಲ ಹಿಡೀತು. 1982ರ ಯಂತ್ರ ಅದು, ಪೂರ್ತಿ 1 ಮೆಗಾಹರ್ಟ್ಸ್ ಕೂಡ ಇಲ್ಲದ ಪ್ರೊಸೆಸರ್. ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಕೂತು ಅಸೆಂಬ್ಲಿಯಲ್ಲಿ, ಅಂದ್ರೆ ಪ್ರೊಸೆಸರಿಗೆ ಒಂದೊಂದೇ ಅಪ್ಪಣೆ ಕೊಡೋ ಭಾಷೆಯಲ್ಲಿ, ಬರೆದಿದ್ದು.

ಅದರಲ್ಲೂ ಕನ್ನಡ ಅಕ್ಷರ ಕೂರಿಸಿದ ಕಷ್ಟ ನನಗೊಬ್ಬನಿಗೇ ಗೊತ್ತು. ಆ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಸಿಗೋದು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದು ಮನೆ. ಅಷ್ಟರಲ್ಲಿ ಇಂಗ್ಲಿಷ್ ಕೂರುತ್ತೆ, ಕನ್ನಡ ಕೂರಲ್ಲ. ನಾಲ್ಕು ಮನೆ ಸೇರಿಸಿ ಒಂದಕ್ಷರ ಮಾಡಿದೆ. ಒತ್ತು ಬಂದ್ರೆ ಕೆಳಗೆ ಇನ್ನೆರಡು ಮನೆ. ಒಟ್ಟು 256 ಮನೆಗಳಲ್ಲೇ ಅಕ್ಷರ, ಗುಳಿ, ಬೀಜ, ಅಂಕಿ ಎಲ್ಲಾ ಮುಗೀಬೇಕು. ಆಟ ಶುರುವಾಗೋಕೆ ಮೊದಲು ಒಂದು ಪರದೆ ಬರುತ್ತೆ: "ಈ ಆಟ ಕಲಿಸಿದ ನನ್ನ ಅಜ್ಜಿಗೆ". ಆ "ಜ್ಜಿ" ಒಂದನ್ನೇ ಹತ್ತೋ ಹನ್ನೆರಡೋ ಸಲ ಬರೆದು ಅಳಿಸಿದ್ದೆ. ಅಜ್ಜಿ ಗುಳಿಗೆ ಐದೈದು ಹುಣಸೆ ಬೀಜ ಹಾಕಿ, ನಾನು ಎಣಿಕೆ ತಪ್ಪಿದ್ರೆ ಕೈ ಹಿಡಿದು ವಾಪಸ್ ಹಾಕಿಸೋರು. ಅವರಿಗೆ ಅಂತ ನಾನು ಮಾಡಿದ್ದು ಇದೊಂದೇ.

ಅವನಿಗೇ 18 ಯೂರೋ ಕೊಟ್ಟು ಡಿಸ್ಕ್ ತಂದೆ. ಒಳಗೇನಿದೆ ನೋಡಲೇಬೇಕಿತ್ತು. ಮನೆಗೆ ಬಂದು ಆ ಯಂತ್ರದ 1541 ಫ್ಲಾಪಿ ಡ್ರೈವಿಗೆ ಹಾಕಿ ಲೋಡ್ ಮಾಡಿದೆ. ಅಜ್ಜಿಯ ಪರದೆ ಇಲ್ಲ. ಆ ಜಾಗದಲ್ಲಿ ಅವನ ಅಂಗಡಿ ಹೆಸರು ಹೊಳೀತಾ ಓಡ್ತಿದೆ. ನನ್ನ ಹೆಸರೂ ಇಲ್ಲ, ಮಾರಬೇಡಿ ಅನ್ನೋ ಸಾಲೂ ಇಲ್ಲ. ಲೇಬಲ್ಲಿನಲ್ಲಿ "ಆಫ್ರಿಕಾದ ಬೀಜದಾಟ" ಅಂತ ಬರೆದಿದ್ದಾನೆ. ಪರದೆ ತುಂಬ ಕನ್ನಡ ಇದೆಯಲ್ಲೋ ಮಾರಾಯ!

ಇದಕ್ಕಿಂತ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಅವನು ಮಾರ್ತಿರೋದು ನನ್ನ ಮೊದಲ ವರ್ಷನ್. ಅದರಲ್ಲಿ ಒಂದು ತಪ್ಪಿತ್ತು. ಯಂತ್ರದ ಕಡೆಯ ಏಳೂ ಗುಳಿ ಖಾಲಿಯಾದ್ರೆ, ಆಡೋಕೆ ಗುಳಿ ಹುಡುಕ್ತಾ ಸುತ್ತುತ್ತಲೇ ಇರುತ್ತೆ, ಆಟ ಅಲ್ಲಿಗೆ ನಿಂತುಬಿಡುತ್ತೆ. ಮೂರೇ ವಾರದಲ್ಲಿ ಸರಿ ಮಾಡಿ ಹೊಸದು ಹಾಕಿದ್ದೆ. ಅದನ್ನ ನೋಡೋ ವ್ಯವಧಾನವೂ ಇವನಿಗಿಲ್ಲ. ಕಳೆದ ನಾಲ್ಕು ತಿಂಗಳಿಂದ ಗುರುತಿಲ್ಲದವರ ಮೇಲ್ ಬರ್ತಿದ್ವು: "ದುಡ್ಡು ಕೊಟ್ಟು ತಗೊಂಡಿದ್ದೀವಿ, ಅರ್ಧಕ್ಕೇ ನಿಲ್ಲುತ್ತೆ, ದುಡ್ಡು ವಾಪಸ್ ಕೊಡಿ." ಯಾವ ದುಡ್ಡು ಅಂತ ನನಗೆ ಅರ್ಥವೇ ಆಗ್ತಿರಲಿಲ್ಲ. ನಿನ್ನೆ ಆಯ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಇಲ್ಲಿ ಇಸ್ಕೊಂಡೋನು ಮಾರಿ ಜೇಬು ತುಂಬಿಸ್ಕೊಂಡ, ಬೈಗುಳ ಮಾತ್ರ ಕೊಟ್ಟೋನ ಮನೆಗೆ ಬಂತು.

ಡಿಸ್ಕಿಗೆ ಕಾಸು ತಗೊಳ್ಳೋದೇ ಪಾಪ ಅಂತ ನಾನು ಹೇಳ್ತಿಲ್ಲ. ಕಮೊಡೋರಿನವರದೇ ಆಮೇಲಿನ ಕಂಪ್ಯೂಟರ್ ಅಮಿಗಾ, ಅದರ ಕಾಲದಲ್ಲಿ ಫ್ರೆಡ್ ಫಿಶ್ ಅಂತ ಒಬ್ಬರಿದ್ರು. 1986ರಿಂದ 1994ರವರೆಗೆ ಉಚಿತ ಪ್ರೋಗ್ರಾಮುಗಳನ್ನ ಆಯ್ದು ಸಾವಿರಕ್ಕೂ ಹೆಚ್ಚು ಡಿಸ್ಕ್ ಮಾಡಿ ಹಂಚಿದ್ರು. ಇಂಟರ್ನೆಟ್ ಇಲ್ಲದ ದಿನಗಳು, ಡಿಸ್ಕು, ಅಂಚೆ ಎಲ್ಲಕ್ಕೂ ಖರ್ಚಿತ್ತು, ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ. ಯಾಕಂದ್ರೆ ಪ್ರತಿ ಡಿಸ್ಕಿನಲ್ಲೂ ಯಾವ ಪ್ರೋಗ್ರಾಮ್, ಯಾವ ವರ್ಷನ್, ಬರೆದೋರು ಯಾರು ಅಂತ ಒಂದು ಪಟ್ಟಿ ಇರ್ತಿತ್ತು. ಇವನೂ ನನ್ನ ಹೆಸರು ಉಳಿಸಿ, ಹೊಸ ವರ್ಷನ್ ಹಾಕಿ, ಒಂದು ಮಾತು ಕೇಳಿದ್ದಿದ್ರೆ ನಾನೇ ಹೂಂ ಅಂತಿದ್ದೆ. ಲೇಬಲ್ಲಿನ ಚಿತ್ರವನ್ನೂ ಬರೆದುಕೊಡ್ತಿದ್ದೆ.

ಅವನು ಒಂದು ಆನ್‌ಲೈನ್ ತಾಣದಲ್ಲೂ ಇದನ್ನೇ ಮಾರ್ತಿದ್ದಾನೆ. ರಾತ್ರಿ ಅಲ್ಲಿಗೆ ದೂರು ಕೊಡೋಕೆ ಹೋದ್ರೆ ಅರ್ಜಿಯಲ್ಲಿ ಒಂದು ಖಾನೆ: ನಿಮಗಾದ ನಷ್ಟ ಎಷ್ಟು? ತುಂಬದೆ ಮುಂದೆ ಹೋಗೋಕಾಗಲ್ಲ. ಏನು ತುಂಬಲಿ? ನಾನು ಮಾರಿದ್ದೇ ಇಲ್ಲವಲ್ಲ. ಸೊನ್ನೆ ಹಾಕಿದೆ, ತಗೊಳ್ಳಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ, ಹಕ್ಕನ್ನೆಲ್ಲಾ ಬೇರೆಯವರಿಗೆ ಬರೆದುಕೊಟ್ಟ ಮೇಲೂ ಇದು ನನ್ನ ಕೃತಿ ಅನ್ನೋ ಹಕ್ಕು ಬರೆದವನಿಗೆ ಉಳಿಯುತ್ತೆ ಅನ್ನುತ್ತೆ. ಇಲ್ಲಿನ ಕಾನೂನಿನ 13ನೇ ಕಲಮೂ ಬರೆದವನನ್ನ ಬರೆದವನು ಅಂತ ಒಪ್ಪಿಕೊಳ್ಳಬೇಕು ಅನ್ನುತ್ತೆ. ಆ ಅರ್ಜಿಯಲ್ಲಿ ಅದಕ್ಕೊಂದು ಖಾನೆ ಇಲ್ಲ.

ಸ್ನೇಹಿತನೊಬ್ಬನಿಗೆ ಫೋನ್ ಮಾಡಿದ್ರೆ "ಬಿಡೋ, ಪ್ರಚಾರ ಸಿಕ್ತಲ್ಲ" ಅಂದ. ಹೆಸರು ಕೆರೆದು ಹಾಕಿದ ಮೇಲೆ ಯಾರಿಗೋ ಪ್ರಚಾರ?

ಆ ಡಿಸ್ಕ್ ತಗೊಂಡವರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನೀವೂ ಮೋಸ ಹೋದವರೇ. ಹೊಸ ವರ್ಷನ್ ಪುಕ್ಕಟೆಯೇ ಇದೆ, ಇಳಿಸ್ಕೊಳ್ಳಿ. ಡಿಸ್ಕಿನ ಪಕ್ಕದ ಕಚ್ಚಿನ ಮೇಲೆ ಅವನು ಒಂದು ಕಪ್ಪು ಚೀಟಿ ಅಂಟಿಸಿದ್ದಾನೆ, ಯಾರೂ ಬೇರೆ ಬರೀಬಾರದು ಅಂತ. ಅದನ್ನ ಕಿತ್ತು, ಅದೇ ಡಿಸ್ಕಿನ ಮೇಲೆ ಇದನ್ನ ಬರೀರಿ. ಈ ಸಲ ಆಟ ನಡುವೆ ನಿಲ್ಲಲ್ಲ. ಮೊದಲು ಅಜ್ಜಿಯ ಪರದೆ ಬರುತ್ತೆ.