ನೀರುಳ್ಳಿಗೆ ಮಂಜಿ, ನಮಗೆ ಕೊಚ್ಚಿ

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಗಳೂರಿನ ಹಳೆ ಬಂದರಿನ ಕಡೆ ಹೋಗಿ ನೋಡಿ. ಲಕ್ಷದ್ವೀಪಕ್ಕೆ ಹೊರಡುವ ಮಂಜಿ, ಅಂದರೆ ಸರಕು ಸಾಗಿಸುವ ನಾವೆ, ದಕ್ಕೆಗೆ ತಾಗಿ ನಿಂತಿರುತ್ತದೆ. ಅಕ್ಕಿ, ನೀರುಳ್ಳಿ, ಸಿಮೆಂಟು, ಜಲ್ಲಿ ಎಲ್ಲ ಒಳಗೆ ಹೋಗುತ್ತವೆ. ಒಂದೊಂದೇ ಚೀಲ ತಲೆ ಮೇಲೆ ಕೂತು, ಅಲ್ಲಾಡುವ ಹಲಗೆ ದಾಟಿ, ಸಮುದ್ರಯಾನಕ್ಕೆ ತಯಾರಾಗುತ್ತದೆ. ಆ ನೀರುಳ್ಳಿಯನ್ನು ಯಾರೂ ತಡೆದು, ಎಲ್ಲಿಗೆ ಹೋಗ್ತೀರಿ, ಅಲ್ಲಿ ನಿಮ್ಮ ಪರಿಚಯದವರು ಯಾರು ಅಂತ ಕೇಳುವುದಿಲ್ಲ.

ಅದೇ ನೀವು ಹೊರಟು ನೋಡಿ, ಮಾರಾಯ್ರೆ.

ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ಜಾಗ ಒಂದೇ, ಅಗತ್ತಿ. 1988ರಲ್ಲಿ ಶುರುವಾದ ಪುಟ್ಟ ನಿಲ್ದಾಣ. ರನ್‌ವೇ ಒಂದೂಕಾಲು ಕಿಲೋಮೀಟರ್ ಆಸುಪಾಸು, ಆ ತುದಿಗೂ ಸಮುದ್ರ, ಈ ತುದಿಗೂ ಸಮುದ್ರ. ದೊಡ್ಡ ಜೆಟ್ ಇಳಿಯುವ ಹಾಗಿಲ್ಲ. ಫ್ಯಾನ್ ತಿರುಗುವ ಸಣ್ಣ ಏಟಿಆರ್ ವಿಮಾನವೇ ಗತಿ. ಇರಲಿ, ನಮಗೇನು ಜಂಬೋ ಜೆಟ್ಟೇ ಬೇಕು ಅಂತ ಹಟವೇ?

ಈಗ ಮ್ಯಾಪ್ ತೆಗೆಯಿರಿ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಅಗತ್ತಿಗೆ ನೇರ ಗೆರೆ ಎಳೆದರೆ ಸುಮಾರು 380 ಕಿಲೋಮೀಟರ್. ಕೊಚ್ಚಿಯಿಂದ 460. ಬೆಂಗಳೂರಿನಿಂದ 650. ಮೂರರಲ್ಲಿ ಹತ್ತಿರ ಯಾವುದು ಅಂತ ಮೂರನೇ ಕ್ಲಾಸಿನ ಮಗು ಹೇಳುತ್ತದೆ. ಆದರೆ ವಿಮಾನ ಹಾರುವುದು ಕೊಚ್ಚಿಯಿಂದ. 2024ರಲ್ಲಿ ಬೆಂಗಳೂರಿನಿಂದಲೂ ಹಾರಿತು. ಮನೆ ಅಂಗಳದಿಂದ ಸಮುದ್ರ ಕಾಣುವ ಪಣಂಬೂರಿನವರು ಮೊದಲು ಸಮುದ್ರಕ್ಕೆ ಬೆನ್ನು ಹಾಕಿ, ಘಟ್ಟ ಹತ್ತಿ, ಸಮುದ್ರವೇ ಇಲ್ಲದ ಬೆಂಗಳೂರಿಗೆ ಹೋಗಬೇಕು. ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ಹಾರಿ, ಘಟ್ಟ ಇಳಿದು, ಬಿಟ್ಟು ಬಂದ ಅದೇ ಕರಾವಳಿ ದಾಟಬೇಕು. ಇಲ್ಲವೇ ರಾತ್ರಿ ರೈಲು ಹತ್ತಿ, ಅರೆನಿದ್ದೆಯಲ್ಲಿ ಆಲುವಾದಲ್ಲಿ ಇಳಿದು, ಕೊಚ್ಚಿ ನಿಲ್ದಾಣದಲ್ಲಿ ಬೆಳಗು ಮಾಡಬೇಕು.

ಹಾಗಂತ ಬಜ್ಪೆಯ ರನ್‌ವೇ ಸಣ್ಣದೇನಲ್ಲ. 2,450 ಮೀಟರ್. ಅದರೊಳಗೆ ಹೆಚ್ಚುಕಡಿಮೆ ಎರಡು ಅಗತ್ತಿ ಹಿಡಿಸುತ್ತದೆ. ಅಲ್ಲಿಂದ ದುಬೈಗೆ ನೇರ ವಿಮಾನ ಉಂಟು. ಬೆಳಿಗ್ಗೆ ಇಲ್ಲಿ ನೀರ್‌ದೋಸೆ ತಿಂದವರು ಮಧ್ಯಾಹ್ನದ ಊಟ ದುಬೈಯಲ್ಲಿ ಮಾಡಬಹುದು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಅಂತ ಪ್ರಧಾನಿ ಹೇಳಿದ್ದು ನಮಗೂ ಕೇಳಿಸಿದೆ. ಚಪ್ಪಲಿ ರೆಡಿ ಉಂಟು. ವಿಮಾನ ಎಲ್ಲಿ?

ಲಕ್ಷದ್ವೀಪ ನಮಗೆ ನಂಟು ಇಲ್ಲದ ಊರೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಅಲ್ಲಿಯವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಕೊಟ್ಟು, ಅಕ್ಕಿ ಒಯ್ಯುತ್ತಿದ್ದರು. ಇಂಜಿನ್ನೇ ಇಲ್ಲದ ಕಾಲದಲ್ಲಿ ಗಾಳಿ ನಂಬಿ ಬಂದು ಹೋಗುತ್ತಿದ್ದರು. ಇವತ್ತಿಗೂ ಅಲ್ಲಿಯವರು ನಮ್ಮ ಆಸ್ಪತ್ರೆಗಳಿಗೆ ಬರುತ್ತಾರೆ. ಬೀಚ್ ನೋಡಬೇಕು ಎನ್ನುವ ನಮ್ಮದು ಬರೀ ಶೋಕಿ. ಕಾಯಿಲೆಯವರಿಗೂ ಇದೇ ಸುತ್ತುದಾರಿ ಅಂದರೆ ನಗು ಬರುವುದಿಲ್ಲ.

2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಕಡಲಲ್ಲಿ ಮುಳುಗಿ ಎದ್ದ ಫೋಟೋ ಬಂತು. ಮಾಲ್ಡೀವ್ಸ್ ಜೊತೆ ಜಗಳವೂ ಆಯಿತು. ಮರುದಿನ ಇಡೀ ದೇಶ ಲಕ್ಷದ್ವೀಪ ಭಕ್ತ. ಆ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು 160 ಜನರನ್ನು ಕೂರಿಸಿಕೊಂಡು ಏಳು ಗಂಟೆಯಲ್ಲಿ ಹಳೆ ಬಂದರಿಗೆ ಬಂದೇಬಿಟ್ಟಿತು. ನಾವು ಸುಮ್ನೆ ಕೂರುವವರಾ? ಸೆಲ್ಫಿ ತೆಗೆದೆವು, ಸ್ಟೇಟಸ್ ಹಾಕಿದೆವು, ಮಂಗಳೂರು ಇನ್ನೊಂದು ಗೋವಾ ಆಗುತ್ತದೆ ಅಂತ ಹೋಟೆಲಿನಲ್ಲಿ ಚಾ ಕುಡಿಯುತ್ತಾ ತೀರ್ಮಾನಿಸಿದೆವು. ಅಷ್ಟರಲ್ಲಿ ಮಳೆಗಾಲ ಬಂತು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಗೆಳೆಯನೊಬ್ಬ ಹೊರಟೇಬಿಟ್ಟ. ಅಲ್ಲಿಗೆ ಹೋಗಲು ಪರವಾನಗಿ ಬೇಕು. ಅದಕ್ಕೆ ಕಾರಣವೂ ಉಂಟು, ಒಪ್ಪೋಣ. ಇರುವುದೇ 32 ಚದರ ಕಿಲೋಮೀಟರ್ ನೆಲ. ನಾವೆಲ್ಲ ಚಿಪ್ಸ್ ಪ್ಯಾಕೆಟ್ ಹಿಡಿದು ನುಗ್ಗಿದರೆ ಅದರ ಗತಿ ಏನು? ಪರವಾನಗಿಗೆ ಪೊಲೀಸರ ಕ್ಲಿಯರೆನ್ಸ್ ಬೇಕು ಅಂತ ಇವನು ಸ್ಟೇಷನ್ನಿಗೆ ಹೋದ.

“ಯಾವ ದೇಶಕ್ಕೆ?” ರೈಟರ್ ಕೇಳಿದರು.

“ದೇಶ ಅಲ್ಲ ಸಾರ್, ಲಕ್ಷದ್ವೀಪ. ನಮ್ಮದೇ.”

“ನಮ್ಮದೇ ಆದ್ರೆ ನಮ್ಮ ಸರ್ಟಿಫಿಕೇಟ್ ಯಾಕ್ರೀ? ಅಲ್ಲಿ ಎಂಥ ಉಂಟು ನೋಡ್ಲಿಕ್ಕೆ?”

“ಸಮುದ್ರ.”

ರೈಟರ್ ಪೆನ್ನು ಕೆಳಗಿಟ್ಟರು. “ನಮ್ಮ ತಣ್ಣೀರುಬಾವಿ ಬೀಚಿನಲ್ಲಿ ಇರುವುದು ಎಂಥ ಹಾಗಾದ್ರೆ?”

ಇವನಿಗೆ ಉತ್ತರ ಹೊಳೆಯಲಿಲ್ಲ. ಸರ್ಟಿಫಿಕೇಟ್ ಕೈಗೆ ಬರುವಾಗ ಅಗತ್ತಿ ವಿಮಾನದ ಸೀಟೆಲ್ಲ ಭರ್ತಿ. ಸೀಟು ಇದ್ದ ದಿನ ಇವನಿಗೆ ರಜೆ ಇಲ್ಲ. ಕೊನೆಗೆ ಹೆಂಡತಿ, ಮಕ್ಕಳನ್ನು ಕರಕೊಂಡು ದುಬೈಗೆ ಹೋಗಿ ಬಂದ. ಬಜ್ಪೆಯಿಂದ ನೇರ. ಅಲ್ಲಿಯೂ ಸಮುದ್ರ ಚಂದ ಉಂಟಂತೆ, ಯಾರೂ ಏನೂ ಕೇಳಲಿಲ್ಲವಂತೆ.